ಕರಗಿಸುವ ಮುನ್ನ ಇಸವಿ ನೋಡಿ

ಕೊಳ್ಳೇಗಾಲದಿಂದ ಹನೂರು, ಮಲೆ ಮಹದೇಶ್ವರ ಬೆಟ್ಟ ಹಾದು ಪಾಲಾರಿಗೆ ಇಳಿಯುವ ದಾರಿಯ ಊರುಗಳಲ್ಲಿ ಹಳೆಯ ಬೆಳ್ಳಿ ರೂಪಾಯಿ ಇನ್ನೂ ಉಳಿದಿದ್ದರೆ ಅದಕ್ಕೆ ಬೆಟ್ಟದ ದೇವರು ಮಾದಪ್ಪನೇ ದೊಡ್ಡ ಕಾರಣ ಎಂದು ನನ್ನ ನಂಬಿಕೆ. ಹರಕೆ ಹೊತ್ತವರು ಅರಿಸಿನದ ಬಟ್ಟೆಯಲ್ಲಿ ರೂಪಾಯಿ ಕಟ್ಟಿ ದೇವರ ಗೂಡಿನಲ್ಲಿಟ್ಟರು. ಮುಡಿಪಿನ ದುಡ್ಡನ್ನು ಎಂಥ ಕಷ್ಟದಲ್ಲೂ ಮುಟ್ಟುವಂತಿಲ್ಲ. ಕೆಲವು ಗಂಟು ಬೆಟ್ಟ ಹತ್ತಿ ಹುಂಡಿ ಸೇರಿದವು, ಕೆಲವು ಕಟ್ಟಿದವರು ತೀರಿಕೊಂಡ ಮೇಲೆ ಪೆಟ್ಟಿಗೆಯ ತಳದಲ್ಲೇ ಉಳಿದವು. ಬೆಳ್ಳಿಯ ದರ ಹೀಗೆ ಏರಿರುವಾಗ ಇಂಥ ನಾಣ್ಯಗಳಿಗೆ ಸಲೀಸಾಗಿ ಸಿಗುವ ದಾರಿ ಆಚಾರಿಯ ಕುಲುಮೆ. ಮಾರುವುದರಲ್ಲಿ ತಪ್ಪಿಲ್ಲ. ಮದುವೆ ಇರುತ್ತದೆ, ಆಸ್ಪತ್ರೆ ಇರುತ್ತದೆ. ಏನು ಮಾರುತ್ತಿದ್ದೇವೆಂದು ತಿಳಿಯದೆ ಕರಗಿಸಲು ಕೊಡುತ್ತಾರಲ್ಲ, ಸಂಕಟ ಅದರದು.

ತಕ್ಕಡಿಯ ಲೆಕ್ಕ ಸುಲಭ. ಹಳೆಯ ರೂಪಾಯಿ ಎಂದರೆ ಸರಿಯಾಗಿ ಒಂದು ತೊಲ, 11.66 ಗ್ರಾಂ. ವಿಕ್ಟೋರಿಯಾ ರಾಣಿ, ಏಳನೇ ಎಡ್ವರ್ಡ್, ಐದನೇ ಜಾರ್ಜ್ ಇವರ ರೂಪಾಯಿಗಳಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಬೆಳ್ಳಿ, ಅಂದರೆ ಸುಮಾರು 10.7 ಗ್ರಾಂ. ಗೊಂದಲವಾಗುವುದು ಆರನೇ ಜಾರ್ಜ್‌ನ ಕಾಲದ್ದರಲ್ಲಿ. ಯುದ್ಧದ ಬಿಸಿಗೆ 1940ರಿಂದ 1945ರವರೆಗಿನ ರೂಪಾಯಿಗೆ ಅರ್ಧ ಪಾಲು ಮಾತ್ರ ಬೆಳ್ಳಿ ಹಾಕಿದರು. 1947ರದು ಬರೀ ನಿಕಲ್; ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ. ಎರಡರ ಮೇಲೂ ಅದೇ ರಾಜನ ತಲೆ. ಇಸವಿ ನೋಡದೆ ‘ರಾಜನ ತಲೆ ರೂಪಾಯಿ’ ಎಂದು ಒಟ್ಟಿಗೆ ತೂಗಿದರೆ ಕೊಟ್ಟವರಿಗೋ ಕೊಂಡವರಿಗೋ ನಷ್ಟ ಖಂಡಿತ.

ಸಂಗ್ರಾಹಕರ ಲೆಕ್ಕವೇ ಬೇರೆ. ಹಳೆಯದಾದಷ್ಟೂ ಬೆಲೆ ಹೆಚ್ಚು ಎಂದು ಬಹಳ ಮಂದಿ ತಿಳಿದಿದ್ದಾರೆ, ಅದು ನಿಜವಲ್ಲ. ವಿಕ್ಟೋರಿಯಾಳ 1862ರ ರೂಪಾಯಿ ಬೇಕಾದಷ್ಟಿದೆ, ಏಕೆಂದರೆ 1874ರವರೆಗೂ ಅದೇ ಇಸವಿ ಹಾಕಿ ಟಂಕಿಸುತ್ತಲೇ ಇದ್ದರು. ಸಣ್ಣ ಚುಕ್ಕೆಗಳನ್ನು ಎಣಿಸಿಯೇ ಬಲ್ಲವರು ಅವನ್ನು ಬೇರೆ ಮಾಡುವುದು. ಅದಕ್ಕಿಂತ ಎಷ್ಟೋ ಎಳೆಯದಾದ 1939ರ ರೂಪಾಯಿ ಸಿಗುವುದೇ ಅಪರೂಪ. ಅದರ ಮುಂದೆ ಬೆಳ್ಳಿಯ ದರವನ್ನು ಯಾರೂ ಕೇಳುವುದಿಲ್ಲ, ಹಾಗಾಗಿಯೇ ಅದರ ನಕಲಿಗೂ ಬರವಿಲ್ಲ. 1911ರದಕ್ಕೆ ಇನ್ನೊಂದು ಕಥೆ. ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಜನ ಆಕ್ಷೇಪಿಸಿದರು, ಹೆಚ್ಚಿನವನ್ನು ಕರಗಿಸಿ ಮುಂದಿನ ವರ್ಷ ಸೊಂಡಿಲು ತಿದ್ದಿದರು. ಯಾವ ಟಂಕಸಾಲೆಯದು ಎನ್ನುವುದೂ ಬೆಲೆಗೆ ಸೇರುತ್ತದೆ: ಮುಂಬಯಿಯದಕ್ಕೆ ಚುಕ್ಕೆ, ಯುದ್ಧಕಾಲದ ಲಾಹೋರಿನದಕ್ಕೆ ಇಂಗ್ಲಿಷಿನ ಎಲ್ ಅಕ್ಷರ, ಕಲ್ಕತ್ತೆಯದಕ್ಕೆ ಗುರುತೇ ಇಲ್ಲ.

ಮಾರುವ ಮುಂಚೆ ಹುಣಸೆಹಣ್ಣು ಹಾಕಿ ಉಜ್ಜುವವರಿಗೆ ಕೈಮುಗಿದು ಹೇಳುತ್ತೇನೆ, ಬೇಡ. ಆ ಕಪ್ಪು ಕೊಳೆಯಲ್ಲ, ನಾಣ್ಯದ ವಯಸ್ಸು. ಉಜ್ಜಿದ ಗೀರು ಮತ್ತೆ ಮಾಯುವುದಿಲ್ಲ. ಕೊಂಡಿ ಬೆಸೆದು ಸರಕ್ಕೆ ಪೋಣಿಸಿದ್ದಕ್ಕಂತೂ ಹೆಚ್ಚು ಕಡಿಮೆ ಬೆಳ್ಳಿಯ ಬೆಲೆಯೇ ಗತಿ.

ಮುಡಿಪಿನ ಗಂಟು ಸಿಕ್ಕಿದರೆ ಒಡನೆ ಹಂಚಿಕೊಳ್ಳಬೇಡಿ. ಅದರಲ್ಲಿನ ಎಲ್ಲ ಇಸವಿಗಳನ್ನೂ ಒಂದು ಚೀಟಿಯಲ್ಲಿ ಬರೆದಿಡಿ. ಎಲ್ಲಕ್ಕಿಂತ ಈಚಿನ ಇಸವಿ ಯಾವುದೋ, ಗಂಟು ಕಟ್ಟಿದ್ದು ಅದಕ್ಕೆ ಮುಂಚೆ ಇರಲಾರದು. ಅಜ್ಜಿ ಹರಕೆ ಹೊತ್ತ ಕಾಲ ಮನೆಯವರಿಗೆ ತಿಳಿಯುವುದು ಹಾಗೆ. ಈ ಸೀಮೆಯಲ್ಲಿ ಇಂಥ ಚೀಟಿಗೆ ಇನ್ನೂ ಹೆಚ್ಚಿನ ಬೆಲೆ ಇದೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೊಳ್ಳೇಗಾಲ ಕಂಪನಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು, ಮೈಸೂರಿಗೆ ಬಂದದ್ದು 1956ರ ನವೆಂಬರ್ 1ರಂದು. ಪಕ್ಕದ ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರು. ಹಾಗಾಗಿ ಒಂದು ದಿನದ ನಡಿಗೆಯೊಳಗೆ ಎರಡು ಸರ್ಕಾರದ ದುಡ್ಡು ಓಡಾಡಿದೆ: ಅತ್ತ ಮದರಾಸಿನ ಆರ್ಕಾಟ್ ರೂಪಾಯಿ, ಇತ್ತ ಸಿಂಹದ ಚಿತ್ರ, ಕನ್ನಡ ಅಕ್ಷರ ಇರುವ ಮುಮ್ಮಡಿ ಕೃಷ್ಣರಾಜರ ತಾಮ್ರದ ಮಯಿಲಿ ಕಾಸು. ಟಿಪ್ಪುವಿನ ಇಮಾಮಿ ಬೆಳ್ಳಿ ರೂಪಾಯಿಯೂ ಸಿಗಬಹುದು. ಅದರ ಮೇಲಿನ, ಮೌಲೂದಿ ಎಂಬ ಅವನ ಕಾಲಗಣನೆಯ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಯಾವ ಊರಿನಲ್ಲಿ ಯಾವುದು ಸಿಕ್ಕಿತೆಂದು ಬರೆದಿಟ್ಟರೆ ಯಾರ ಸಂತೆ ಎಲ್ಲಿಯವರೆಗಿತ್ತೆಂದು ತಿಳಿದೀತು.

ಇನ್ನು ಹಳೆಯ ನೋಟಿನ ಮಾತು. ಮೊದಲ ಮಹಾಯುದ್ಧದಲ್ಲಿ ಬೆಳ್ಳಿ ಸಾಲದೆ ಬಂದಾಗ ಸರ್ಕಾರ 1917ರ ನವೆಂಬರ್ 30ರ ತಾರೀಕು ಹಾಕಿದ ಒಂದು ರೂಪಾಯಿ ನೋಟು ತಂದಿತು. ಬೆಳ್ಳಿಯ ಬದಲು ಬಂದ ಕಾಗದ ಎಂದು ಜನ ನಂಬಲಿ ಅಂತಲೋ ಏನೋ, ಬೆಳ್ಳಿ ರೂಪಾಯಿಯ ಚಿತ್ರವನ್ನೇ ಅದರ ಮೇಲೆ ಮುದ್ರಿಸಿದ್ದರು. ಬೆನ್ನಿಗೇ 1918ರಲ್ಲಿ ಎರಡೂವರೆ ರೂಪಾಯಿ ನೋಟು ಬಂತು, 1926ಕ್ಕೆ ನಿಂತಿತು. ಅದರ ಮೇಲೆ ಎಮ್ ಅಕ್ಷರವಿದ್ದರೆ ಮದರಾಸು ವಲಯದ್ದು. ರಿಸರ್ವ್ ಬ್ಯಾಂಕಿನ ಮೊದಲ ನೋಟು 1938ರ ಐದು ರೂಪಾಯಿಯದು. ಬೆಂಗಳೂರಿನ ಬ್ರಂಟನ್ ರಸ್ತೆಯಲ್ಲಿ 2020ರಿಂದ ಕಾಗದದ ಹಣಕ್ಕೇ ಮೀಸಲಾದ ರೆಜ್ವಾನ್ ರಜಾಕ್ ಸಂಗ್ರಹಾಲಯವಿದೆ, ಹೋದವರು ನೋಡಿ ಬನ್ನಿ. ನೋಟಿಗೆ ಮಡಿಕೆ, ಪಿನ್ನಿನ ತೂತು, ಅಂಟುಪಟ್ಟಿ ಇವೇ ಶತ್ರುಗಳು. ಹರಿದದ್ದನ್ನು ಅಂಟಿಸಬೇಡಿ, ಇಸ್ತ್ರಿ ಹಾಕಬೇಡಿ.

ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ತೆರಿಗೆ, ಕಮಿಷನ್ ಕಟ್ಟಿ ಎಂದು ಯಾರಾದರೂ ಫೋನು ಮಾಡಿದರೆ ಅದು ಮೋಸ. ರಿಸರ್ವ್ ಬ್ಯಾಂಕ್ ಇಂಥ ವ್ಯವಹಾರ ಮಾಡುವುದಿಲ್ಲ, ತನ್ನ ಪರವಾಗಿ ಹಣ ಪಡೆಯಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಇನ್ನು ಉಳುವಾಗ, ಪಾಯ ತೋಡುವಾಗ ಕುಡಿಕೆ ಸಿಕ್ಕಿದರೆ ಅದು ಮನೆಯ ಮುಡಿಪಿನಂತಲ್ಲ. ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ತಿಳಿಸುವವರೆಗೆ ನಾಣ್ಯಗಳನ್ನು ಸಿಕ್ಕಿದ ಕುಡಿಕೆಯಲ್ಲೇ, ಮಣ್ಣು ತೊಳೆಯದೆ ಬಿಟ್ಟಿರಿ.