ಮನೆಯ ಹೊರೆ ಯಾರ ಹೆಗಲಿಗೆ?

ಊರು ಬಿಟ್ಟು ದೂರದ ಊರಿಗೆ ಬಿಡಾರವನ್ನು ಸಾಗಿಸಬೇಕಾದಾಗ ನಾವು ಮೊದಲು ಹಾಕುವುದು ಖರ್ಚಿನ ಲೆಕ್ಕವನ್ನು. ಜಹೀರಾಬಾದಿನಿಂದ ಬೆಂಗಳೂರಿಗೆ ಆರುನೂರು ಕಿಲೋಮೀಟರಿಗೂ ಮಿಗಿಲಾದ ದಾರಿ. ಸಾಮಾನನ್ನು ಕಟ್ಟಿ, ಲಾರಿಗೆ ಏರಿಸಿ, ಅಲ್ಲಿ ಇಳಿಸಿ ಜೋಡಿಸಿಕೊಡುವುದನ್ನೇ ವೃತ್ತಿಯಾಗಿ ಮಾಡಿಕೊಂಡವರು ಈಗ ಇದ್ದಾರೆ. ಜನ ಅವರನ್ನು ಪ್ಯಾಕರ್ಸ್ ಅಂಡ್ ಮೂವರ್ಸ್ ಎಂದು ಕರೆಯುತ್ತಾರೆ. ಅವರಿಗೆ ಕೆಲಸವನ್ನೊಪ್ಪಿಸಿದರೆ ಹಣ ಹೆಚ್ಚು. ಬರಿಯ ಲಾರಿಯನ್ನು ಬಾಡಿಗೆಗೆ ಹಿಡಿದು, ನೆರೆಹೊರೆಯವರನ್ನು ಕರೆದು ತುಂಬಿಸಿಕೊಂಡರೆ ಹಣ ಕಡಿಮೆ. ವಿಷಯ ಇಷ್ಟಕ್ಕೇ ಮುಗಿಯುವಂತಿದ್ದರೆ ಈ ಲೆಕ್ಕವನ್ನು ಮೂರನೆಯ ತರಗತಿಯ ಬಾಲಕನೂ ಬಿಡಿಸಿಯಾನು. ಆದರೆ ಅದರ ಅಡಿಯಲ್ಲಿ ಇನ್ನೊಂದು ಪ್ರಶ್ನೆಯಿದೆ. ನಮ್ಮ ಮನೆಯ ಹೊರೆಯನ್ನು ಇನ್ನೊಬ್ಬರ ಬೆನ್ನಿನ ಮೇಲಿಡುವ ಹಕ್ಕು ನಮಗೆ ಎಲ್ಲಿಂದ ಬರುತ್ತದೆ? ಸ್ನೇಹದಿಂದ ಬರುವುದೋ, ಹಣದಿಂದ ಬರುವುದೋ?

ನಮ್ಮ ಸೀಮೆಯವರಿಗೆ ಈ ಪ್ರಶ್ನೆ ವಿಶೇಷವಾಗಿ ಸಲ್ಲುತ್ತದೆ. ೧೯೫೬ರ ನವೆಂಬರ್ ೧ರಂದು, ಅದುವರೆಗೆ ಬೀದರ ಜಿಲ್ಲೆಯಲ್ಲಿದ್ದ ಜಹೀರಾಬಾದು, ನಾರಾಯಣಖೇಡಗಳೂ ಕಲಬುರಗಿ ಜಿಲ್ಲೆಯಲ್ಲಿದ್ದ ತಾಂಡೂರೂ ಆಂಧ್ರಪ್ರದೇಶಕ್ಕೆ ಸೇರಿದವು. ಮನೆಯೊಳಗಿನ ಒಂದು ತಂಬಿಗೆಯೂ ಕದಲದೆ ಇಲ್ಲಿಯ ಕನ್ನಡಿಗರು ರಾಜ್ಯ ಬದಲಿಸಿದರು. ೨೦೧೪ರ ಜೂನ್ ೨ರಂದು ತೆಲಂಗಾಣ ಉದಯಿಸಿದಾಗಲೂ ಹಾಗೆಯೇ ಆಯಿತು. ಆಗೆಲ್ಲ ಕದಲಿದ್ದು ಗಡಿ. ಈಗ ಕದಲಬೇಕಾದವರು ನಾವು. ಮಕ್ಕಳ ಓದು, ಉದ್ಯೋಗ, ನಿವೃತ್ತಿಯ ನಂತರದ ಆಸರೆ, ಹೀಗೆ ಒಂದಲ್ಲ ಒಂದು ಕಾರಣದಿಂದ ಮನೆಯನ್ನೇ ಕಿತ್ತು ದೂರಕ್ಕೆ ಒಯ್ಯಬೇಕಾಗುತ್ತದೆ.

ನೆರೆಹೊರೆಯ ನೆರವೇ ಮೇಲೆಂಬುವರ ವಾದದಲ್ಲಿ ಸತ್ತ್ವವಿಲ್ಲದಿಲ್ಲ. ಹತ್ತು ಮಂದಿಯ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆಯನ್ನು ಅವರು ಮುಂದಿಡುತ್ತಾರೆ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳಿನ ಪದ್ಧತಿ ಇದ್ದುದನ್ನೂ ನೆನಪಿಸುತ್ತಾರೆ. ಇಂದು ನಿಮ್ಮ ಹೊಲದ ಕಳೆಗೆ ನಾವು ಬರುವೆವು, ನಾಳೆ ನಮ್ಮ ರಾಶಿಗೆ ನೀವು ಬನ್ನಿರಿ. ನಡುವೆ ದುಡ್ಡಿನ ಮಾತಿಲ್ಲ. ಇಂತಹ ಬಾಳಿನಲ್ಲಿ ಕೆಲಸವೂ ಸಾಗುತ್ತಿತ್ತು, ಸ್ನೇಹವೂ ಬೆಳೆಯುತ್ತಿತ್ತು. ಎಲ್ಲಕ್ಕೂ ಕೂಲಿಯವರನ್ನೇ ಕರೆದರೆ ನೆರೆಮನೆಯೆಂಬುದು ಬರಿಯ ಪಕ್ಕದ ಗೋಡೆಯಾಗಿ ಉಳಿಯುವುದಿಲ್ಲವೇ ಎಂದು ಅವರು ಕೇಳುತ್ತಾರೆ.

ಕೇಳತಕ್ಕ ಮಾತೇ ಅಹುದು. ಆದರೆ ಮುಯ್ಯಿಯ ಜೀವವಿರುವುದು ಹಿಂದಿರುಗಿಸುವುದರಲ್ಲಿ. ಪಡೆದವನು ನಾಳೆಯೂ ಅದೇ ಊರಿನಲ್ಲಿರುವನೆಂಬ ನಂಬಿಕೆಯ ಮೇಲೆ ಅದು ನಿಂತಿದೆ. ಪಕ್ಕದ ಓಣಿಗೆ ಮನೆ ಬದಲಿಸುವವನು ಮುಂದೊಂದು ದಿನ ಇತರರ ಬೀರುವಿಗೆ ತಾನೂ ಹೆಗಲು ಕೊಟ್ಟಾನು. ಆರುನೂರು ಕಿಲೋಮೀಟರು ದೂರ ಹೋಗುವವನು ಹೇಗೆ ಕೊಟ್ಟಾನು? ಲಾರಿ ಹೊರಟೊಡನೆ ಅವನ ಋಣ ಊರಿನಲ್ಲಿ ಉಳಿದು ಅವನು ಮಾತ್ರ ಹೊರಟುಹೋಗುತ್ತಾನೆ. ಹೊಸ ಊರಿನಲ್ಲಿ ಬೇರೆಯವರಿಗೆ ನೆರವಾದರೆ ಋಣ ತೀರಲಿಲ್ಲವೇ ಎನ್ನಬಹುದು. ಲೋಕದ ಲೆಕ್ಕದಲ್ಲಿ ತೀರಿದರೂ ತೀರೀತು; ಇಲ್ಲಿ ಸೊಂಟ ಹಿಡಿದು ಕುಳಿತ ನೆರೆಯವನ ಲೆಕ್ಕದಲ್ಲಿ ಅದು ತೀರುವುದಿಲ್ಲ. ಆದುದರಿಂದ ದೂರದ ಪ್ರಯಾಣದಲ್ಲಿ ಕೂಲಿ ಕೊಟ್ಟು ಮಾಡಿಸುವುದೇ ಹೆಚ್ಚು ನೇರವಾದ ಮಾರ್ಗವೆಂದು ನಮಗೆ ತೋರುತ್ತದೆ. ಹಾಗೆಂದು, ತಾನಾಗಿ ಬಂದು ಕೈಹಚ್ಚುವ ಗೆಳೆಯನನ್ನು ತಡೆಯಬೇಕಾಗಿಲ್ಲ. ಪ್ರೀತಿಯನ್ನು ನಿರಾಕರಿಸುವುದೂ ಒಂದು ಬಗೆಯ ಗರ್ವವೇ.

ಇಲ್ಲಿ ಉಪಾಧ್ಯಾಯರಾದ ನಾವು ಒಂದು ಮಾತನ್ನು ವಿಶೇಷವಾಗಿ ಯೋಚಿಸಬೇಕು. ವರ್ಗವಾದ ಮೇಷ್ಟ್ರ ಸಾಮಾನನ್ನು ಶಾಲೆಯ ಹುಡುಗರು ಹೊರುವುದು ಗುರುಭಕ್ತಿಯ ಗುರುತೆಂದು ಹಲವರು ಭಾವಿಸುತ್ತಾರೆ. ಹುಡುಗರಿಗೂ ಅದು ಉತ್ಸಾಹವೇ. ಆದರೆ ಮೇಷ್ಟ್ರು ಕರೆದಾಗ ಬರುವುದಿಲ್ಲವೆನ್ನುವ ಸ್ವಾತಂತ್ರ್ಯ ಆ ಹುಡುಗನಿಗೆ ಇದೆಯೇ? ಇಲ್ಲವೆನ್ನಲಾರದವನು ಕೊಟ್ಟ ನೆರವು ನೆರವಲ್ಲ. ಅದು ಪ್ರೀತಿಯ ಅಂಗಿ ತೊಟ್ಟ ಬಿಟ್ಟಿ. ಜಮೀನುದಾರನ ಮನೆಯ ಬಿಟ್ಟಿ ಚಾಕರಿಯನ್ನು ತರಗತಿಯಲ್ಲಿ ಖಂಡಿಸಿ ಪಾಠ ಹೇಳುವವರು, ತಮ್ಮ ಮನೆಯಂಗಳದಲ್ಲಿ ಅದನ್ನು ಗುರುಸೇವೆಯೆಂದು ಕರೆಯುವುದು ಒಪ್ಪುವ ಮಾತಲ್ಲ.

ಹಾಗಾದರೆ ಹಣ ಕೊಟ್ಟೊಡನೆ ನಮ್ಮ ಕರ್ತವ್ಯ ಮುಗಿಯಿತೇ? ಇಲ್ಲ. ಹೊರೆ ಹೊರುವುದು ಹೀನವಾದ ಕೆಲಸವಲ್ಲವೆಂಬುದನ್ನು ನಮ್ಮ ನೆರೆಯ ಕಲ್ಯಾಣದಲ್ಲಿಯೇ ೧೨ನೆಯ ಶತಮಾನದ ಶರಣರು ಸಾರಿದರು. ಕಾಶ್ಮೀರದ ಅರಸುತನವನ್ನು ಬಿಟ್ಟು ಬಂದು ಸೌದೆಯ ಹೊರೆ ಮಾರಿ ಬಾಳಿದನೆಂದು ಪರಂಪರೆ ಹೇಳುವ ಮೋಳಿಗೆಯ ಮಾರಯ್ಯನ ಕಾಯಕ ತಲೆಹೊರೆಯದೇ ಆಗಿತ್ತು. ಕೆಲಸ ಕಾಯಕವಾದರೆ, ಅದನ್ನು ಮಾಡಿಸಿಕೊಳ್ಳುವವನಿಗೂ ಒಂದು ಧರ್ಮವಿರಬೇಕಲ್ಲವೇ?

ಕಾನೂನು ನಮ್ಮ ಸಾಮಾನಿನ ವಿಷಯದಲ್ಲಿ ಎಚ್ಚರ ವಹಿಸಿದೆ. ರಸ್ತೆ ಸಾಗಣೆಯ ಬಗ್ಗೆ ೨೦೦೭ರಲ್ಲಿ ಆದ ಕೇಂದ್ರದ ಕಾಯಿದೆಯಂತೆ, ಸಾಗಿಸಲು ಒಪ್ಪಿಕೊಂಡವನು ಸಾಮಾನು ಪಡೆದುದಕ್ಕೆ ರಸೀದಿ ಕೊಡಬೇಕು. ಸಾಮಾನು ಕಳೆದರೆ, ಒಡೆದರೆ, ಬುಕ್ ಮಾಡಿದ ದಿನದಿಂದ ೧೮೦ ದಿನಗಳೊಳಗೆ ನಾವು ಲಿಖಿತ ನೋಟೀಸು ಕೊಟ್ಟು ಪರಿಹಾರ ಕೇಳಬಹುದು. ಒಡೆದ ಕನ್ನಡಿಗೆ ಹೀಗೊಂದು ದಾರಿಯುಂಟು. ಹೊತ್ತವನ ಬೆನ್ನಿಗೆ? ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ೧೯೬೭ರಲ್ಲಿ, ಪ್ರಾಯದ ಗಂಡಸು ಹೊರುವ ಭಾರ ೫೫ ಕಿಲೋಗ್ರಾಮನ್ನು ಮೀರಬಾರದೆಂದು ಶಿಫಾರಸು ಮಾಡಿತು. ನೆರೆಯ ಮಹಾರಾಷ್ಟ್ರ ೧೯೬೯ರಲ್ಲಿ ಮಾಥಾಡಿ, ಹಮಾಲ ಮೊದಲಾದ ಕಾರ್ಮಿಕರ ಕ್ಷೇಮಕ್ಕಾಗಿಯೇ ಪ್ರತ್ಯೇಕ ಕಾಯಿದೆಯನ್ನು ಮಾಡಿತು. ಆದರೆ ನಮ್ಮ ಮನೆಯ ಮೆಟ್ಟಿಲ ಮೇಲೆ ತಕ್ಕಡಿ ಹಿಡಿದು ನಿಲ್ಲಲು ಯಾವ ಅಧಿಕಾರಿಯೂ ಬರುವುದಿಲ್ಲ. ಪುಸ್ತಕ ತುಂಬಿದ ದೊಡ್ಡ ತಗಡಿನ ಟ್ರಂಕು ಆ ೫೫ ಕಿಲೋ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಅದನ್ನು ನಾಲ್ಕು ಸಣ್ಣ ಪೆಟ್ಟಿಗೆಗಳಾಗಿ ಹಂಚಬೇಕಾದವರು ನಾವು. ಒಳಗೆ ಏನಿದೆಯೆಂದು ನಿಜ ಹೇಳುವುದು, ದರವನ್ನು ಮೊದಲೇ ನುಡಿದು ಕೊನೆಯ ಗಳಿಗೆಯಲ್ಲಿ ಕೊಸರದಿರುವುದು, ಗುತ್ತಿಗೆದಾರನಿಗೆ ಕೊಟ್ಟ ಹಣದಲ್ಲಿ ಹಮಾಲನ ಪಾಲು ಅವನ ಕೈ ಸೇರಿತೇ ಎಂದು ವಿಚಾರಿಸುವುದು, ಬಿಸಿಲಿನಲ್ಲಿ ಒಂದು ತಂಬಿಗೆ ನೀರು ಕೊಡುವುದು, ಇವು ಯಾವ ರಸೀದಿಯಲ್ಲಿಯೂ ಬರೆದಿರುವುದಿಲ್ಲ.

ಇಷ್ಟು ಹೇಳುವಾಗ ನಾರಾಯಣಖೇಡದ ತಾಂಡಾಗಳ ಲಂಬಾಣಿ ಕುಟುಂಬಗಳನ್ನು ಮರೆಯಲಾಗದು. ಕಬ್ಬಿನ ಹಂಗಾಮು ಬಂದೊಡನೆ ಕಬ್ಬು ಕಡಿಯಲು ಎಷ್ಟೋ ಕುಟುಂಬಗಳು ಸಕ್ಕರೆ ಕಾರ್ಖಾನೆಗಳ ಸೀಮೆಗೆ ಹೊರಡುತ್ತವೆ. ಪಾತ್ರೆ, ಕೌದಿ, ಕುಡುಗೋಲು, ಕೂಸು, ಇವಿಷ್ಟೇ ಅವರ ಬಿಡಾರ. ತರಗತಿಯಲ್ಲಿ ಯಾವ ಸ್ಥಳಗಳು ಬರಿದಾದವೆಂದು ನೋಡಿದರೆ ಯಾರು ಹೊರಟರೆಂಬುದು ಮೇಷ್ಟ್ರಿಗೆ ತಿಳಿಯುತ್ತದೆ. ಸಾಗಿಸಲು ಆಳನ್ನು ನೇಮಿಸಬೇಕೇ ಬೇಡವೇ ಎಂಬ ಚಿಂತೆ ಅವರಿಗಿಲ್ಲ. ಆ ಚಿಂತೆ ನಮಗಿರುವುದು ನಮ್ಮಲ್ಲಿ ಹೊರಲಾರದಷ್ಟು ಸಾಮಾನು ಇರುವುದರಿಂದ. ಹೀಗಿರುವಾಗ, ಯಾರು ಹೊರಬೇಕೆಂದು ಕೇಳುವ ಮೊದಲು ಏನನ್ನು ಹೊರಿಸಬೇಕೆಂದು ಕೇಳಿಕೊಳ್ಳುವುದು ಯುಕ್ತ. ಹತ್ತು ವರ್ಷಗಳಿಂದ ಅಟ್ಟದಿಂದ ಇಳಿಯದ ಕುರ್ಚಿಯನ್ನು ಇನ್ನೊಬ್ಬನ ಹೆಗಲ ಮೇಲೆ ಬೆಂಗಳೂರಿನ ಅಟ್ಟಕ್ಕೆ ಏರಿಸುವುದರಲ್ಲಿ ಯಾವ ಪುರುಷಾರ್ಥವಿದೆ? ಅದು ನೆರೆಯವರಿಗೆ ಉಪಯೋಗವಾದರೆ ಇಲ್ಲಿಯೇ ಕೊಟ್ಟುಹೋಗುವುದು ಮೇಲು.

ಹಣಕ್ಕೂ ಸ್ನೇಹಕ್ಕೂ ಒಪ್ಪಿಸದೆ ನಾವೇ ಹೊರಬೇಕಾದುದೂ ಕೆಲವುಂಟು. ಕಲ್ಯಾಣದ ಕ್ಷೋಭೆಯ ಕಾಲದಲ್ಲಿ ಚನ್ನಬಸವಣ್ಣನೊಡನೆ ಉಳವಿಯತ್ತ ನಡೆದ ಶರಣರು ವಚನಗಳ ಕಟ್ಟುಗಳನ್ನು ಕಾಪಾಡಿಕೊಂಡು ಒಯ್ದರೆಂದು ಪರಂಪರೆ ಹೇಳುತ್ತದೆ. ಮನೆಮಾರನ್ನು ಬಿಟ್ಟರು, ಓಲೆಗಳನ್ನು ಬಿಡಲಿಲ್ಲ. ನಮ್ಮ ಮನೆಗಳಲ್ಲಿಯೂ ಹಿರಿಯರ ಕೈಬರಹವಿರಬಹುದು, ಹಳೆಯ ಕಾಗದಪತ್ರಗಳಿರಬಹುದು, ಮಕ್ಕಳು ಮೊದಲು ಅಕ್ಷರ ತಿದ್ದಿದ ಪಾಟಿಯಿರಬಹುದು. ಅವು ನಮ್ಮ ಕೈಚೀಲದಲ್ಲಿಯೇ ಇರಲಿ.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯವಿಷ್ಟು. ಹತ್ತಿರದ ಹೊರೆಗೆ ಮುಯ್ಯಿ ಸಾಕು, ದೂರದ ಹೊರೆಗೆ ಕೂಲಿಯೇ ನ್ಯಾಯ. ಇಲ್ಲವೆನ್ನಲಾರದವರಿಂದ ಎಂದೂ ಹೊರಿಸಬಾರದು. ಕೂಲಿ ಕೊಟ್ಟ ಮೇಲೂ ಹೊರುವವನನ್ನು ಮನುಷ್ಯನೆಂದು ಕಾಣುವ ಕರ್ತವ್ಯ ಉಳಿದೇ ಇರುತ್ತದೆ. ನೆರೆಯವರಿಗೆ ಟ್ರಂಕು ಎತ್ತುವ ಕೆಲಸ ತಪ್ಪಿದರೆ ಅವರೊಡನೆ ಕುಳಿತು ಒಂದು ಊಟ ಮಾಡಲು ನಮಗೆ ಹೊತ್ತು ಸಿಕ್ಕೀತು. ಬೆವರೊರೆಸಿಕೊಳ್ಳುತ್ತ ಅವಸರದಲ್ಲಿ ಕೈಮುಗಿದು ಹೋಗುವುದಕ್ಕಿಂತ ಅಂತಹ ಬೀಳ್ಕೊಡುಗೆ ಲೇಸಲ್ಲವೇ?