ನುಡಿಯ ಶೀಲ

ಶರಣಧರ್ಮದಲ್ಲಿ ನುಡಿಯೆಂಬುದು ಬರಿಯ ಬಾಯಿಯ ವ್ಯಾಪಾರವಲ್ಲ. ಅದೂ ಒಂದು ಶೀಲ. ಅಕ್ಕಮಹಾದೇವಿಯವರು ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುದೇವರು ಅವರನ್ನು ಅತ್ಯಂತ ನಿಷ್ಠುರವಾಗಿ ಪ್ರಶ್ನಿಸಿದರೆಂದೂ, ಅಕ್ಕನವರು ಅಳುಕದೆ ಉತ್ತರವಿತ್ತರೆಂದೂ ಶೂನ್ಯಸಂಪಾದನೆಯು ನಿರೂಪಿಸುತ್ತದೆ. ಮಾತು ಎಷ್ಟೇ ಕಠಿನವಾದರೂ ಅನುಭವಮಂಟಪದಲ್ಲಿ ಯಾರ ಬಾಯನ್ನೂ ಕಟ್ಟಲಿಲ್ಲ. ಯಾರ ಮೇಲೂ ಕೈಯೇಳಲಿಲ್ಲ.

ಬಳಗಾನೂರಿನ ಹಿರಿಯರು ಕಂಡುದು ಇದಕ್ಕೆ ತೀರ ವಿಪರೀತವಾದ ಆಳ್ವಿಕೆಯನ್ನು. ರಾಯಚೂರು ಜಿಲ್ಲೆಯು ಆಗ ನಿಜಾಮನ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತು. ಸಭೆ ಕೂಡಿಸಲು ಸರ್ಕಾರದ ಅಪ್ಪಣೆ ಬೇಕಾಗಿತ್ತು. ಜವಾಬ್ದಾರಿ ಸರ್ಕಾರವನ್ನು ಕೇಳಹೊರಟ ಸ್ಟೇಟ್ ಕಾಂಗ್ರೆಸ್ಸನ್ನು 1938ರಲ್ಲಿ ಹುಟ್ಟುವ ಮೊದಲೇ ನಿಷೇಧಿಸಲಾಯಿತು. ಆದರೆ 1947-48ರಲ್ಲಿ ಕಾಸಿಂ ರಜ್ವಿಯು ರಜಾಕಾರರನ್ನು ಕೆರಳಿಸಿದ ಭಾಷಣಗಳು ಬಹಿರಂಗವಾಗಿಯೇ ನಡೆದವು! ಕೇಳುವ ಬಾಯಿಗೆ ಬೀಗ, ಹೊಡೆಯೆನ್ನುವ ಬಾಯಿಗೆ ಬಿಡುಗಡೆ. 1948ರ ಸೆಪ್ಟೆಂಬರ್ 17ರಂದು ಆ ಆಳ್ವಿಕೆ ಮುಗಿಯಿತು.

ಆದುದರಿಂದ ನುಡಿಗೆ ಮಿತಿಯೇ ಬೇಡವೆಂಬ ವಾದವು ಈ ನಾಡಿನವರಿಗೆ ಒಪ್ಪಿಗೆಯಾಗಲಾರದು. ಮಿತಿ ಯಾವ ಬಾಯಿಗೆ ಎಂಬುದೇ ಪ್ರಶ್ನೆ. ಸಂವಿಧಾನದ 19ನೆಯ ವಿಧಿಯು ವಾಕ್‌ಸ್ವಾತಂತ್ರ್ಯವನ್ನಿತ್ತಿದೆ. 1951ರ ಮೊದಲ ತಿದ್ದುಪಡಿಯು ಅದರ ಮೇಲಿನ ನಿರ್ಬಂಧಗಳನ್ನು ಹೆಚ್ಚಿಸಿತು. ಅವು ನ್ಯಾಯಸಮ್ಮತವಾಗಿರಬೇಕೆಂಬ ಮಾತನ್ನೂ ಕೂಡಿಸಿತು. ಅಧಿಕಾರಸ್ಥರು ಮರೆಯುವುದು ಈ ಎರಡನೆಯದನ್ನೇ. 1962ರಲ್ಲಿ ಕೇದಾರನಾಥ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಸರ್ಕಾರದ ಕಟುಟೀಕೆ ರಾಜದ್ರೋಹವಲ್ಲ, ಹಿಂಸೆಗಾಗಲಿ ಸಾರ್ವಜನಿಕ ಅಶಾಂತಿಗಾಗಲಿ ಪ್ರಚೋದಿಸುವ ಮಾತು ಮಾತ್ರವೇ ಶಿಕ್ಷಾರ್ಹ ಎಂದು ಭೇದವೆಣಿಸಿತು. ಹಾಗಿದ್ದೂ 1975ರ ತುರ್ತುಪರಿಸ್ಥಿತಿಯಲ್ಲಿ ದೇಶರಕ್ಷಣೆಯ ಹೆಸರಿನಿಂದಲೇ, ಪತ್ರಿಕೆಗಳು ಅಚ್ಚಾಗುವ ಮೊದಲು ಅಧಿಕಾರಿಗಳ ಕತ್ತರಿಗೆ ಒಳಗಾದವು.