ಒಡೆಯನ ಉಪವಾಸ, ಆಳಿನ ಹಸಿವು

ಒಬ್ಬನು ಒಂದು ಹೊತ್ತು ಉಣ್ಣದೆ ಇದ್ದಾನೆ ಎಂಬಷ್ಟರಿಂದಲೇ ಅವನು ಉಪವಾಸವಿದ್ದಾನೆಂದು ಹೇಳಲಾಗದು. ಹೊಟ್ಟೆ ಬರಿದಾಗಿರುವುದು ಹಸಿದವನಲ್ಲಿಯೂ ವ್ರತಿಯಲ್ಲಿಯೂ ಸಮಾನ. ಒಬ್ಬನು ಅನ್ನವಿದ್ದೂ ಒಲ್ಲೆನೆಂದವನು. ಇನ್ನೊಬ್ಬನು ಬೇಕೆಂದರೂ ಪಡೆಯಲಾರದವನು. ಈ ಭೇದವನ್ನು ಶ್ರಾವಕರು ಬಲ್ಲರು. ಆದರೆ ಈ ಎರಡು ಬಗೆಯ ಹಸಿವು ಒಂದೇ ಸೂರಿನ ಕೆಳಗೆ, ಒಂದೇ ದಿನ, ಒಡೆಯನಲ್ಲಿಯೂ ಆಳಿನಲ್ಲಿಯೂ ಇದ್ದಾಗ ಒಡೆಯನ ವ್ರತದ ಗತಿಯೇನು? ಈ ಪ್ರಶ್ನೆ ಅಷ್ಟು ಸುಲಭದ್ದಲ್ಲ. ನಮ್ಮ ಆಚಾರ ಪರಂಪರೆಯ ಅರಿವೇ ಇಲ್ಲದ ಪ್ರಾಚೀನ ರೋಮಿನಲ್ಲಿ ಈ ಪ್ರಶ್ನೆ ಬಹಳ ಸ್ಪಷ್ಟವಾಗಿ ತಲೆಯೆತ್ತಿತ್ತು.

ಸೆನೆಕನು ಸ್ಪೇನಿನ ಕೊರ್ಡೊಬದಲ್ಲಿ ಹುಟ್ಟಿ, ರೋಮಿನಲ್ಲಿ ಬೆಳೆದು, ನೀರೋ ಚಕ್ರವರ್ತಿಗೆ ಗುರುವೂ ಸಚಿವನೂ ಆದ ತತ್ತ್ವಜ್ಞ. ಮುಪ್ಪಿನಲ್ಲಿ ಅವನು ಲುಸಿಲಿಯಸ್ ಎಂಬ ಮಿತ್ರನಿಗೆ ಬರೆದ 124 ಪತ್ರಗಳು ಉಳಿದುಬಂದಿವೆ. 18ನೆಯ ಪತ್ರವನ್ನು ಬರೆದಾಗ ಡಿಸೆಂಬರ್ ತಿಂಗಳ ಸ್ಯಾಟರ್ನೇಲಿಯ ಹಬ್ಬದ ಗದ್ದಲದಲ್ಲಿ ನಗರವೆಲ್ಲ ಮುಳುಗಿತ್ತು. ಆ ಹೊತ್ತಿನಲ್ಲಿಯೇ ಅವನು ಮಿತ್ರನಿಗೆ ಒಂದು ನಿಯಮವನ್ನು ಸೂಚಿಸುತ್ತಾನೆ. ಆಗಾಗ ಮೂರು ನಾಲ್ಕು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ, ಅತ್ಯಲ್ಪವೂ ಅಗ್ಗವೂ ಆದ ಆಹಾರ, ಒರಟು ಬಟ್ಟೆ, ಗಟ್ಟಿ ಹಾಸಿಗೆ ಇವುಗಳಲ್ಲಿಯೇ ತೃಪ್ತನಾಗಿರಬೇಕು. ಅದು ಆಟವಾಗದೆ ನಿಜವಾದ ಪರೀಕ್ಷೆಯಾಗಬೇಕು. ಅಷ್ಟು ಹೇಳಿ ಅವನು ಒಂದು ಎಚ್ಚರಿಕೆಯನ್ನೂ ಕೊಡುತ್ತಾನೆ. ಇದನ್ನು ಮಹಾಕಾರ್ಯವೆಂದು ಭಾವಿಸಬೇಡ, ಸಾವಿರಾರು ದಾಸರೂ ಸಾವಿರಾರು ಬಡವರೂ ದಿನವೂ ಇದನ್ನೇ ಮಾಡುತ್ತಿದ್ದಾರೆ. ನಿನಗೆ ಮೆಚ್ಚಿಕೊಳ್ಳಲು ಕಾರಣವಿದ್ದರೆ ಅದು ನೀನು ಬಲವಂತವಿಲ್ಲದೆ ಮಾಡಿದೆ ಎಂಬುದೊಂದೇ ಎಂಬುದು ಅದರ ಭಾವ. ವ್ರತದ ಜೀವಾಳವಾದ ಸಂಕಲ್ಪವನ್ನು ಇಷ್ಟು ಚೆನ್ನಾಗಿ ಗುರುತಿಸಿದವನನ್ನು ಮೆಚ್ಚಲೇಬೇಕು. ಆದರೆ ಆ ಸಾವಿರಾರು ಮಂದಿಯ ಮಾತು ಅಲ್ಲಿಗೇ ನಿಲ್ಲುತ್ತದೆ.

ಆ ಮಂದಿ ಯಾರು? ರೋಮಿನಲ್ಲಿ ಮನುಷ್ಯನ ಅಂತಸ್ತು ಆಸ್ತಿಯ ಲೆಕ್ಕದಲ್ಲಿ ಬರೆದಿಟ್ಟ ವಿಷಯವಾಗಿತ್ತು. ಆಗಸ್ಟಸನ ಕಾಲದಿಂದ ಸೆನೆಟಿನ ಸದಸ್ಯನಿಗೆ 10 ಲಕ್ಷ ಸೆಸ್ಟರ್ಸ್ ನಾಣ್ಯಗಳ ಆಸ್ತಿ ಇರಬೇಕಿತ್ತು, ಅವನ ಕೆಳಗಿನ ಅಶ್ವಾರೋಹಿ ವರ್ಗಕ್ಕೆ 4 ಲಕ್ಷ. ಅಂಗಿಯ ಮೇಲಿನ ಕೆನ್ನೇರಿಳೆ ಪಟ್ಟೆ ಅಗಲವೋ ಕಿರಿದೋ ಎಂಬುದರಿಂದಲೇ ಇವರನ್ನು ಗುರುತಿಸಬಹುದಿತ್ತು. ಅವರ ಕೆಳಗೆ ಸಾಮಾನ್ಯ ಪೌರರು. ಬಿಡುಗಡೆ ಹೊಂದಿದ ದಾಸರು. ಎಲ್ಲರ ಕೆಳಗೆ ದಾಸರು. ಬಡ ಪೌರನು ಬೆಳಗಾಗುತ್ತಲೇ ಧನಿಕನ ಬಾಗಿಲಿಗೆ ಮುಜುರೆಗೆ ಹೋಗಿ, ಅವನು ಕೊಟ್ಟ ಪುಡಿಕಾಸನ್ನೋ ತಿನಿಸನ್ನೋ ಪಡೆದು ಮರಳುತ್ತಿದ್ದ. ಕ್ರಿ. ಪೂ. 123ರಲ್ಲಿ ಗೇಯಸ್ ಗ್ರಾಕಸನು ಪೌರರಿಗೆ ಅಗ್ಗದ ದರದಲ್ಲಿ ಧಾನ್ಯ ದೊರೆಯುವಂತೆ ಮಾಡಿದ. ಕ್ರಿ. ಪೂ. 58ರಿಂದ ಅದು ಉಚಿತವಾಯಿತು. ಆಗಸ್ಟಸನ ಕಾಲದಲ್ಲಿ ಸುಮಾರು 2 ಲಕ್ಷ ಜನ ಅದನ್ನು ಪಡೆಯುತ್ತಿದ್ದರು. ಆ ಪಟ್ಟಿಯಲ್ಲಿ ದಾಸನ ಹೆಸರಿರಲಿಲ್ಲ. ಅವನ ಅನ್ನ ಒಡೆಯನ ಕೈಯಲ್ಲಿತ್ತು.

ಒಡೆಯನ ಕೈ ಹೇಗೆ ಅಳೆಯುತ್ತಿತ್ತೆಂಬುದಕ್ಕೆ ಕೇಟೋ ಬರೆದ ಕೃಷಿಗ್ರಂಥವೇ ಸಾಕ್ಷಿ. ಕ್ರಿ. ಪೂ. 234ರಿಂದ 149ರವರೆಗೆ ಬಾಳಿದ ಈತ ರೋಮಿನ ಸರಳ ಜೀವನಕ್ಕೆ ಹೆಸರಾದವನು. ಹೊಲದಲ್ಲಿ ದುಡಿಯುವ ದಾಸನಿಗೆ ತಿಂಗಳಿಗೆ ಚಳಿಗಾಲದಲ್ಲಿ 4 ಮೋಡಿಯಸ್ ಗೋಧಿ, ಬೇಸಗೆಯಲ್ಲಿ ನಾಲ್ಕೂವರೆ. ಒಂದು ಮೋಡಿಯಸ್ ಎಂದರೆ ಸುಮಾರು ಎಂಟೂಮುಕ್ಕಾಲು ಲೀಟರ್. ಮೈಮುರಿದು ದುಡಿಯದ ಮೇಸ್ತ್ರಿಗೆ 3 ಸಾಕು. ಸಂಕೋಲೆಯಲ್ಲಿರುವವರಿಗೆ ದಿನಕ್ಕೆ 4 ಪೌಂಡು ರೊಟ್ಟಿ. ದ್ರಾಕ್ಷಿತೋಟ ಅಗೆಯುವ ಕೆಲಸ ಮೊದಲಾದಾಗ 5. ಅಂಜೂರ ಹಣ್ಣಾಗತೊಡಗಿದಾಗ ಮತ್ತೆ 4. ಅಳತೆ ಕಡಿಮೆಯೆಂದು ದೂರುವಂತಿಲ್ಲ. ದೋಷವಿರುವುದು ಅಳತೆಯ ಆಧಾರದಲ್ಲಿ. ಉಣ್ಣುವವನ ಹಸಿವನ್ನು ನೋಡದೆ, ಅವನಿಂದ ಹೊರಡುವ ಕೆಲಸವನ್ನು ನೋಡಿ ಬಡಿಸಿದ ಅನ್ನವದು. ಆದ್ದರಿಂದಲೇ ದಾಸನು ಕಾಯಿಲೆ ಬಿದ್ದಾಗ ಅವನ ಪಡಿಯನ್ನು ಇಳಿಸಬೇಕಿತ್ತೆಂದು ಕೇಟೋ ಲೆಕ್ಕ ಕೇಳುತ್ತಾನೆ. ಮುದಿ ದಾಸನನ್ನೂ ರೋಗಿ ದಾಸನನ್ನೂ ಹಳೆಯ ಬಂಡಿಯೊಡನೆ ಮಾರಿಬಿಡಬೇಕೆನ್ನುತ್ತಾನೆ.

ಇಲ್ಲಿ ತತ್ತ್ವಾರ್ಥಸೂತ್ರವನ್ನು ನೆನೆಯಬೇಕು. ಅಹಿಂಸಾಣುವ್ರತಕ್ಕೆ ಉಮಾಸ್ವಾಮಿಗಳು ಹೇಳಿದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕೊಯ್ಯುವುದು, ಮಿತಿಮೀರಿ ಹೊರೆ ಹೇರುವುದು, ಅನ್ನನೀರನ್ನು ತಡೆಯುವುದು. ರೋಮಿನ ದಾಸನ ಬಾಳಿಗೆ ಈ ಐದೂ ಹೆಸರುಗಳು ಬರೆದಿಟ್ಟಂತೆ ಹೊಂದುತ್ತವೆ. ಇನ್ನೂ ಗಮನಿಸಬೇಕಾದುದು ವ್ರತಗಳ ಕ್ರಮ. ಅಹಿಂಸೆ ಅಣುವ್ರತಗಳಲ್ಲಿ ಮೊದಲನೆಯದು. ಪ್ರೋಷಧೋಪವಾಸವು ಅಣುವ್ರತ ಗುಣವ್ರತಗಳನ್ನು ದಾಟಿದ ಮೇಲೆ ಶಿಕ್ಷಾವ್ರತಗಳಲ್ಲಿ ಬರುತ್ತದೆ. ಪರರ ಅನ್ನವನ್ನು ತಡೆದವನು ತನ್ನ ಅನ್ನವನ್ನು ತ್ಯಜಿಸಿದರೆ, ತಳಪಾಯವಿಲ್ಲದೆ ಮೇಲಿನ ಅಂತಸ್ತನ್ನು ಕಟ್ಟಿದಂತಾಗುತ್ತದೆ. ಕೇಟೋವಿನ ಉದಾಹರಣೆ ಇದಕ್ಕೆ ಇನ್ನಷ್ಟು ಹರಿತ ಕೊಡುತ್ತದೆ. ಅವನು ಹೊಲದಲ್ಲಿ ದಾಸರ ಜೊತೆ ದುಡಿದು, ಅವರ ಜೊತೆಯಲ್ಲಿ ಕುಳಿತು, ಅವರ ರೊಟ್ಟಿಯನ್ನೇ ತಿನ್ನುತ್ತಿದ್ದನೆಂದು ಪ್ಲುಟಾರ್ಕನು ಬರೆಯುತ್ತಾನೆ; ಮುದಿ ದಾಸರನ್ನು ಮಾರುವ ಅವನ ರೀತಿಯನ್ನು ಖಂಡಿಸಿದವನೂ ಅದೇ ಪ್ಲುಟಾರ್ಕ. ನಾಲಗೆಯನ್ನು ಗೆದ್ದವನು ಲೋಭವನ್ನು ಗೆದ್ದಿರಲಿಲ್ಲ.

ಸೆನೆಕನ 47ನೆಯ ಪತ್ರ ದಾಸರನ್ನು ಕುರಿತದ್ದು. ಒಡೆಯನು ಹೊಟ್ಟೆ ಬಿರಿಯುವಷ್ಟು ಉಣ್ಣುತ್ತಿರುವಾಗ ಸುತ್ತ ನಿಂತ ದಾಸರು ತುಟಿ ಅಲುಗಿಸುವಂತಿಲ್ಲ. ಕೆಮ್ಮು, ಸೀನು, ಬಿಕ್ಕಳಿಕೆಗೂ ಏಟು. ಅವರು ಇರುಳೆಲ್ಲ ಹಸಿದು ಮೌನವಾಗಿ ನಿಂತಿರುತ್ತಾರೆ. ಹಸಿವು, ಮೌನ, ಜಾಗರಣೆ! ಹೊರಗಣ್ಣಿಗೆ ಇದು ಪರ್ವದ ದಿನದ ಶ್ರಾವಕನ ಚರ್ಯೆಯಂತೆಯೇ ಕಾಣಬೇಕು. ಹಾಗಾದರೆ ಆ ದಾಸನ ಸಹನೆ ವ್ಯರ್ಥವೇ? ಶಾಸ್ತ್ರ ಹಾಗೆನ್ನುವುದಿಲ್ಲ. ನಮ್ಮ ನಾಡಿನ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅಕಾಮನಿರ್ಜರೆಯನ್ನು ವಿವರಿಸುವಾಗ ಸೆರೆಯಲ್ಲಿ ಬಂಧಿತನಾದವನ ಹಸಿವು, ನೀರಡಿಕೆ, ಬರಿನೆಲದ ಮಲಗುವಿಕೆಗಳನ್ನೇ ಉದಾಹರಿಸುತ್ತಾರೆ. ಇಚ್ಛೆಯಿಲ್ಲದೆ ಬಂದ ಕಷ್ಟವನ್ನು ಸಹಿಸಿದವನಿಗೂ ಕರ್ಮ ಒಂದಿಷ್ಟು ಸವೆಯುತ್ತದೆ. ಆದರೆ ಆ ಫಲ ಸಹಿಸಿದವನದು. ಅದನ್ನು ತೋರಿಸಿ, ಹಸಿವು ಇವನಿಗೆ ಒಳ್ಳೆಯದನ್ನೇ ಮಾಡಿತು ಎಂದು ಹಸಿವಿಗೆ ಗುರಿಮಾಡಿದವನು ನುಣುಚಿಕೊಳ್ಳುವಂತಿಲ್ಲ.

ರೋಮ್ ತನ್ನ ಅತಿಭೋಗವನ್ನು ಕಾಯಿದೆಯಿಂದ ತಡೆಯಲೂ ನೋಡಿತು. ಕ್ರಿ. ಪೂ. 161ರ ಫಾನಿಯಸನ ಕಾನೂನು ಔತಣದ ಖರ್ಚಿಗೆ ಮಿತಿ ಹಾಕಿ, ಕೊಬ್ಬಿಸದ ಒಂದೇ ಕೋಳಿಗೆ ಅನುಮತಿ ಕೊಟ್ಟಿತು. ಜನ ಹುಂಜವನ್ನು ಕೊಬ್ಬಿಸತೊಡಗಿದರು. ಜೂಲಿಯಸ್ ಸೀಸರನು ಊಟದ ಮನೆಗಳಿಗೇ ಸಿಪಾಯಿಗಳನ್ನು ಕಳುಹಿಸಿ ನಿಷಿದ್ಧ ತಿನಿಸನ್ನು ಎತ್ತಿಸಿದನು. ಭೋಗೋಪಭೋಗ ಪರಿಮಾಣವನ್ನು ಸಿಪಾಯಿ ಮಾಡಿಸಲಾರ.

ಇದಕ್ಕಿಂತ ಬೆಲೆಯುಳ್ಳದ್ದು ಕಿರಿಯ ಪ್ಲಿನಿಯು ಅವಿಟಸನೆಂಬ ತರುಣನಿಗೆ ಬರೆದ ಒಂದು ಚಿಕ್ಕ ಪತ್ರ. ಅವನು ಉಣ್ಣಲು ಹೋದ ಮನೆಯಲ್ಲಿ ದ್ರಾಕ್ಷಾರಸವನ್ನು ಮೂರು ದರ್ಜೆಯಾಗಿ ಇಟ್ಟಿದ್ದರು: ಆತಿಥೇಯನಿಗೂ ಗಣ್ಯರಿಗೂ ಒಂದು, ಕೆಳದರ್ಜೆಯ ಮಿತ್ರರಿಗೆ ಒಂದು, ಬಿಡುಗಡೆ ಹೊಂದಿದ ದಾಸರಿಗೆ ಒಂದು. ತನ್ನ ಮನೆಯಲ್ಲಿ ಎಲ್ಲರಿಗೂ ಒಂದೇ ಎಂದು ಪ್ಲಿನಿ ಪಕ್ಕದವನಿಗೆ ಹೇಳಿದ. ಅದು ದುಬಾರಿಯಲ್ಲವೇ ಎಂಬ ಪ್ರಶ್ನೆಗೆ ಅವನ ಉತ್ತರದ ಸಾರವಿಷ್ಟು: ಅವರು ಒಡೆಯನ ಪಾನೀಯವನ್ನು ಕುಡಿಯುವುದಿಲ್ಲ, ಒಡೆಯನೇ ಅವರದನ್ನು ಕುಡಿಯುತ್ತಾನೆ. ಮದ್ಯವೇ ವರ್ಜ್ಯವಾದ ಶ್ರಾವಕನಿಗೆ ಈ ದೃಷ್ಟಾಂತದ ವಸ್ತು ರುಚಿಸದಿರಬಹುದು. ಗ್ರಾಹ್ಯವಾದುದು ಅದರ ನ್ಯಾಯ. ತನ್ನ ಭೋಗವನ್ನು ಇಳಿಸಿಕೊಂಡುದರಿಂದಲೇ ಮತ್ತೊಬ್ಬನ ಪಾಲು ಸಮನಾಯಿತು. ಊನೋದರವೂ ಸಂವಿಭಾಗವೂ ಇಲ್ಲಿ ಒಂದೇ ಕ್ರಿಯೆಯಲ್ಲಿ ಕೂಡಿವೆ. ಆದರೆ ಆ ಪಂಕ್ತಿಯಲ್ಲಿ ಕುಳಿತವರು ಬಿಡುಗಡೆ ಹೊಂದಿದವರು. ದಾಸರ ಪಾಲಿನ ಪ್ರಸ್ತಾಪ ಅಲ್ಲಿಯೂ ಇಲ್ಲ.

ಪರಿಮಿತ ಕಾಲದ ತ್ಯಾಗ ನಿಯಮ, ಬಾಳಿನುದ್ದದ ತ್ಯಾಗ ಯಮ ಎಂದು ಸಮಂತಭದ್ರಾಚಾರ್ಯರು ವಿಂಗಡಿಸಿದ್ದಾರೆ. ಸೆನೆಕನ ಮೂರು ನಾಲ್ಕು ದಿನದ ಬಡತನ ನಿಯಮ. ತಾರುಣ್ಯದಲ್ಲಿ ಸೋಟಿಯನ್ ಎಂಬ ಗುರುವಿನ ಬೋಧೆಯಿಂದ ಒಂದು ವರ್ಷ ಮಾಂಸವನ್ನು ಬಿಟ್ಟು, ತಂದೆಯ ಮಾತಿಗೆ ಮಣಿದು ಮತ್ತೆ ಹಿಡಿದ. ಸಿಂಪಿಯ ಹುಳುವನ್ನೂ ಅಣಬೆಯನ್ನೂ ಮಾತ್ರ ಕೊನೆಯವರೆಗೆ ಮುಟ್ಟಲಿಲ್ಲ. ಅದು ಯಮವೇ ಸರಿ. ಪರಿಗ್ರಹದಲ್ಲಿ ಈ ದೃಢತೆ ಕಾಣದು. ಅರಮನೆಯ ಸ್ನೇಹದ ನಾಲ್ಕು ವರ್ಷಗಳಲ್ಲಿ ಅವನು 30 ಕೋಟಿ ಸೆಸ್ಟರ್ಸ್ ಕೂಡಿಹಾಕಿದನೆಂದು ಕ್ರಿ. ಶ. 58ರಲ್ಲಿ ಶತ್ರುವೊಬ್ಬನು ದೂರಿದ. ಮುನ್ನೂರು ಸೆನೆಟರುಗಳ ಅರ್ಹತೆಗೆ ಸಾಲುವ ಸಂಪತ್ತು ಅದು. ಕ್ರಿ. ಶ. 62ರಲ್ಲಿ ಅವನು ಆಸ್ತಿಯನ್ನು ಹಿಂದಕ್ಕೆ ತೆಗೆದುಕೊಳ್ಳೆಂದು ನೀರೋವನ್ನು ಬೇಡಿದ, ನೀರೋ ಒಪ್ಪಲಿಲ್ಲ.

87ನೆಯ ಪತ್ರದಲ್ಲಿ ಅವನ ಒಂದು ಸರಳ ಪ್ರಯಾಣದ ವರ್ಣನೆಯಿದೆ. ಒಂದೇ ಗಾಡಿಯಲ್ಲಿ ಹಿಡಿಸುವಷ್ಟು ದಾಸರು, ಮೈಮೇಲಿನ ಬಟ್ಟೆ, ಊಟಕ್ಕೆ ಒಣ ಅಂಜೂರ. ಎರಡು ದಿನ ಬಹಳ ಸಂತೋಷವಾಗಿ ಕಳೆದವಂತೆ. ಆದರೂ ಎದುರಿಗೆ ಸೊಗಸಾದ ಪರಿವಾರ ಬಂದಾಗ, ಈ ಹಳ್ಳಿಗಾಡಿ ತನ್ನದೆಂದು ತಿಳಿಯಬಾರದೆಂಬ ನಾಚಿಕೆ ಇನ್ನೂ ಹೋಗಿಲ್ಲವೆಂದು ಅವನು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾನೆ. ಹೇಸರಗತ್ತೆಗಳನ್ನು ಹೊಡೆಯುತ್ತಿದ್ದವನ ಕಾಲಲ್ಲಿ ಕೆರವಿರಲಿಲ್ಲ, ಅದು ಸೆಕೆಯ ಕಾರಣದಿಂದಲ್ಲ ಎಂದೂ ಬರೆಯುತ್ತಾನೆ. ಆ ಬರಿಗಾಲಿನವನು ಏನು ಉಂಡನೆಂಬುದು ಮಾತ್ರ ಪತ್ರದಲ್ಲಿಲ್ಲ.